ನೀಲವ್ವಾಯಿ ನೀರು ಬಿಟ್ಟ ಬೇಸಿಗೆ

ನಮ್ಮ ಮನೆಯಲ್ಲಿ ಬಿಸಿ ರೊಟ್ಟಿ ತಿಂದ ನೆನಪು ನನಗಿಲ್ಲ. ಅವ್ವ ಉಬ್ಬಿದ ರೊಟ್ಟಿಯನ್ನು ಕೆಂಡದಿಂದೆತ್ತಿ ನೇರ ಗಂಗಾಳಕ್ಕೇ ಹಾಕುತ್ತಿದ್ದಳು, ಅದರಲ್ಲಿ ಅವಳ ತಪ್ಪೇನೂ ಇಲ್ಲ. ತಪ್ಪೆಲ್ಲ ಅಪ್ಪನ ಪ್ರಾರ್ಥನೆಯದು. ಊಟಕ್ಕೆ ಮೊದಲು ಅಪ್ಪ ಕಣ್ಣು ಮುಚ್ಚಿದನೆಂದರೆ ಮುಗಿಯಿತು. ನಮ್ಮ ಮನೆಗೆ ಹೊಂದಿಕೊಂಡಿದ್ದ ಮಿರಜದ ದವಾಖಾನೆಯ ಒಂದೊಂದು ಮಂಚದ ರೋಗಿಯೂ ಆ ಪ್ರಾರ್ಥನೆಯಲ್ಲಿ ಬರಬೇಕು, ಟಾಂಗಾದ ಹುಸೇನ್ ಚಾಚಾನ ಕುದುರೆಯ ಕಾಲು ಬರಬೇಕು, ಎದುರು ಮನೆಯ ಮುದುಕನ ಕೆಮ್ಮು ಬರಬೇಕು. ಆಮೇಲೆ ಮಿರಜದ ರಾಜರಿಗೆ ಆಯುಷ್ಯ ಬೇಡಿ, ಸಾಂಗಲಿಯ ರಾಜರು ಬೇಜಾರಾಗಬಾರದೆಂದು ಅವರಿಗೂ ಅಷ್ಟೇ ಆಯುಷ್ಯ ಬೇಡಬೇಕು. ನಾನು ಒಂದು ಕಣ್ಣು ತೆರೆದು ರೊಟ್ಟಿಯ ಹಬೆ ಆರುವುದನ್ನೇ ನೋಡುತ್ತ ಕೂತಿರುತ್ತಿದ್ದೆ. ಕಡೆಗೆ ಅವ್ವನೇ ನಡುವೆ ಬಾಯಿ ಹಾಕುತ್ತಿದ್ದಳು.

“ಆಮೆನ್! ನಾನ ಅಂದೇನ್ರಿ ಆಮೆನ್. ಇನ್ನ ಕಣ್ಣ ತಗೀರಿ. ದೇವರೂ ಕೇಳಿ ಕೇಳಿ ಎದ್ದ ಹೋಗಿರತಾನ.”

ಅಪ್ಪ ಕಣ್ಣು ತೆರೆದು, ಏನೋ ಮರೆತುಹೋಯಿತಲ್ಲ ಎಂಬ ಮುಖ ಮಾಡಿ ರೊಟ್ಟಿ ಮುರಿಯುತ್ತಿದ್ದ. ಮರೆತದ್ದು ನಡುವೆ ನೆನಪಾದರೆ ಕೈಯಲ್ಲಿ ತುತ್ತು ಹಿಡಿದೇ ಮತ್ತೆ ಕಣ್ಣು ಮುಚ್ಚುತ್ತಿದ್ದ.

ಮನೆ ಎಂದರೆ ಮುಂದೊಂದು ಉದ್ದನೆಯ ಪಡಸಾಲೆ, ಹಿಂದೊಂದು ಅಡಿಗೆಮನೆ, ಅಷ್ಟೆ. ಪಡಸಾಲೆಯಲ್ಲಿ ವಾರವೆಲ್ಲ ನಾವು ಮಲಗುತ್ತಿದ್ದೆವು, ಜಗಳಾಡುತ್ತಿದ್ದೆವು, ಅವ್ವ ಶೇಂಗಾ ಸುಲಿಯುತ್ತಿದ್ದಳು. ಶನಿವಾರ ಸಂಜೆಯಾಯಿತೆಂದರೆ ಹಾಸಿಗೆಗಳನ್ನು ಸುತ್ತಿ ಮೂಲೆಗೆ ನಿಲ್ಲಿಸಿ, ನೆಲ ಸಾರಿಸಿ ಚಾಪೆ ಹಾಸಿದರೆ ಅದೇ ಪಡಸಾಲೆ ದೇವಾಲಯವಾಗುತ್ತಿತ್ತು. ಆದಿತ್ಯವಾರ ಬೆಳಿಗ್ಗೆ ಮಿರಜದ ಗಲ್ಲಿಗಳಿಂದ, ಮಾಧವನಗರದ ಗಿರಣಿಯ ಚಾಳಿನಿಂದ ಜನ ಬರುತ್ತಿದ್ದರು. ಅರ್ಧ ಹಾಡು ಮರಾಠಿ, ಅರ್ಧ ಹಾಡು ಕನ್ನಡ. ಮೊನ್ನೆ ರಾತ್ರಿ ನಾನು ಹೊದಿಕೆಗಾಗಿ ತಮ್ಮನನ್ನು ಗುದ್ದಿದ ಜಾಗದಲ್ಲೇ ಇಂದು ಜನ ಮೊಣಕಾಲೂರಿ ಅಳುವುದನ್ನು ನೋಡಿದಾಗ ನನಗೆ ಒಳಗೊಳಗೇ ಅಂಜಿಕೆಯಾಗುತ್ತಿತ್ತು. ದೇವರು ನಮ್ಮ ಮನೆಯಲ್ಲೇ ಇರುತ್ತಾನೆ, ವಾರವೆಲ್ಲ ಎಲ್ಲೋ ಅಡಗಿ ಕೂತು ನಮ್ಮ ಜಗಳ ಕೇಳಿಸಿಕೊಳ್ಳುತ್ತಾನೆ ಎಂದೇ ನಾನು ನಂಬಿದ್ದೆ.

ಆದರೆ ಅಪ್ಪ ಆ ದೇವಾಲಯದ ಪಾಳಕನಾಗಿರಲಿಲ್ಲ, ಬರೀ ಉಪದೇಶಕ. ಉಪದೇಶಕ ಬೋಧನೆ ಮಾಡಬಹುದು, ಹಾಡಿಸಬಹುದು, ಸತ್ತವರ ಮನೆಗೆ ಹೋಗಿ ಕೂತು ಅಳಬಹುದು. ಪವಿತ್ರ ರೊಟ್ಟಿ ಮುರಿದು ಕೊಡುವುದು, ದೀಕ್ಷಾಸ್ನಾನ ಮಾಡಿಸುವುದು, ಮದುವೆ ಮಾಡಿಸುವುದು ಮಾತ್ರ ಪಾಳಕನ ಕೆಲಸ. ಅದಕ್ಕೆ ಸಭೆಯ ಹಿರಿಯರು ಒಪ್ಪಿ ತಲೆಯ ಮೇಲೆ ಕೈಯಿಟ್ಟು ನೇಮಿಸಬೇಕು. ಅಪ್ಪನಿಗಿಂತ ಸಣ್ಣವರು, ಅಪ್ಪನ ಕೈಯಲ್ಲೇ ಅಕ್ಷರ ಕಲಿತವರು ಬೇರೆ ಊರುಗಳಲ್ಲಿ ಪಾಳಕರಾಗಿ ಹೋದರು. ಅಪ್ಪನ ತಲೆಯ ಮೇಲೆ ಮಾತ್ರ ಯಾರೂ ಕೈಯಿಡಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಪ್ಪ ಸಾಂಗಲಿಯ ಅರಿಷಿಣ ಪೇಟೆಯ ಲಿಂಗಾಯತರ ಮನೆಯಿಂದ ಬಂದವನು. ಸಮುವೇಲನಾಗುವ ಮೊದಲು ಅವನ ಹೆಸರು ಸಂಗಪ್ಪ. ಅವನು ಕ್ರಿಸ್ತನನ್ನು ನಂಬಿ ಹೊರಟ ದಿನ ಮನೆಮಂದಿಯೆಲ್ಲ ಅವನು ಸತ್ತನೆಂದು ತಲೆಯ ಮೇಲೆ ನೀರು ಹಾಕಿಕೊಂಡಿದ್ದರಂತೆ. ಅಷ್ಟಾದರೂ ನಮ್ಮ ಸಭೆಯವರಿಗೆ ನಂಬಿಕೆಯಿಲ್ಲ. “ಇಂವಾ ಇವತ್ತಿಲ್ಲಾ ನಾಳಿ ಹಳೇ ಮಠಕ್ಕ ತಿರುಗಿ ಹೋಗಾಂವನ” ಎಂದು ಹಿರಿಯ ದಾನಿಯೇಲ ಕಾಕಾ ಅಂದದ್ದು ಅವ್ವನ ಕಿವಿಗೆ ಬಿದ್ದಿತ್ತು. ದಾನಿಯೇಲ ಕಾಕಾ ಮಾಧವನಗರದ ಗಿರಣಿಯಲ್ಲಿ ಆಳುಗಳ ಮೇಲಿನ ಮುಕಾದಮ. ಒಳ್ಳೆಯ ಮನುಷ್ಯ, ಬರುವಾಗ ನಮಗೆ ಚುರುಮುರಿ ಕಟ್ಟಿಸಿಕೊಂಡು ಬರುತ್ತಿದ್ದ. ಆದರೆ ಒಮ್ಮೆ ತಲೆಯೊಳಗೆ ಏನಾದರೂ ಹೊಕ್ಕಿತೆಂದರೆ ಅದನ್ನು ಹೊರಗೆ ತೆಗೆಯುವುದು ಯಾರಿಂದಲೂ ಆಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅಂತೂ ಹಿರಿಯರು ಮನಸ್ಸು ಮಾಡಿದರು. ಬರುವ ಆದಿತ್ಯವಾರ ದೂರದ ಊರಿನ ಮುದುಕ ಪಾಳಕರೊಬ್ಬರು ಬಂದು ಅಪ್ಪನನ್ನು ನೇಮಿಸುವುದೆಂದು ಆಯಿತು. ಅವ್ವನ ಸಂಭ್ರಮ ಏನು ಕೇಳುತ್ತೀರಿ! ಅನಾಥ ಹೆಣ್ಣುಮಕ್ಕಳ ಆಶ್ರಮದಲ್ಲಿ ಬೆಳೆದವಳು ಅವಳು; ತಂದೆತಾಯಿಯ ಜಾತಿ ಯಾವುದೆಂದೂ ಅವಳಿಗೆ ಗೊತ್ತಿರಲಿಲ್ಲ. ಅಂಥವಳಿಗೆ ‘ಪಾಳಕರ ಹೆಂಡತಿ’ ಎಂಬ ಮಾತು ಎಷ್ಟು ಸಿಹಿಯೋ ನೀವೇ ಲೆಕ್ಕ ಹಾಕಿ. ಆ ವಾರ ಅಪ್ಪನ ಪ್ರಾರ್ಥನೆ ಎಷ್ಟು ಉದ್ದವಾದರೂ ಅವಳು ನಡುವೆ ಆಮೆನ್ ಅನ್ನಲಿಲ್ಲ.

ನಮ್ಮ ಅಂಗಳದಲ್ಲೊಂದು ಬೇವಿನ ಮರ, ಅದರ ಪಕ್ಕದಲ್ಲಿ ಬಾವಿ. ದವಾಖಾನೆಗೆ ದೂರದೂರದಿಂದ ಬಂದ ರೋಗಿಗಳ ಕಡೆಯವರು ಆ ಮರದ ಕೆಳಗೆ ಕಲ್ಲು ಹೂಡಿ ಅಡಿಗೆ ಮಾಡಿಕೊಳ್ಳುತ್ತಿದ್ದರು. ಅವರವರ ಒಲೆ ಅವರವರಿಗೆ. ಒಬ್ಬರ ಹೊಗೆ ಇನ್ನೊಬ್ಬರ ಗಡಿಗೆಗೆ ತಾಗಿದರೂ ಮುಖ ಗಂಟು ಹಾಕುವವರಿದ್ದರು. ಅಪ್ಪ ಯಾರಿಗೂ ಏನೂ ಅನ್ನುತ್ತಿರಲಿಲ್ಲ, ಕಟ್ಟಿಗೆ ಒಡೆದು ಎಲ್ಲರ ಒಲೆಯ ಮುಂದೂ ಹಾಕಿ ಬರುತ್ತಿದ್ದ. ಆ ಬೇಸಿಗೆಯಲ್ಲಿ ಬಂದವಳು ನೀಲವ್ವಾಯಿ. ಸಾಂಗಲಿ ಪೇಟೆಯ ಲಿಂಗಾಯತ ವ್ಯಾಪಾರಸ್ಥರ ಮನೆಯ ಮುದುಕಿ, ಗಂಡ ಇಲ್ಲ. ಇದ್ದೊಬ್ಬ ಮಗ ಹೊಟ್ಟೆಯ ಆಪರೇಶನ್ ಆಗಿ ದವಾಖಾನೆಯ ಮಂಚದ ಮೇಲಿದ್ದ. ನಮ್ಮ ಬಾವಿಯ ನೀರನ್ನು ಆಕೆ ಮುಟ್ಟುತ್ತಿರಲಿಲ್ಲ. ಮಿರಜ ಪೇಟೆಯ ಕಡೆಯಿಂದ ದಿನಾ ಒಂದು ಕೊಡ ಹೊತ್ತು ತರುತ್ತಿದ್ದಳು, ಕುಡಿಯುವುದಕ್ಕೂ ಅಡಿಗೆಗೂ ಸ್ನಾನಕ್ಕೂ ಅದೇ. ಸ್ನಾನ ಮಾಡಿ, ಕೊರಳಿನ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯ ಮೇಲಿಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ನಾನು ದೂರ ನಿಂತು ನೋಡುತ್ತಿದ್ದೆ. ಆಕೆ ಅಂಗೈಯನ್ನು ನೋಡುವ ರೀತಿ ನೋಡಿದರೆ ಅಲ್ಲಿ ಕೂಸೊಂದು ಮಲಗಿದೆಯೇನೋ ಅನಿಸಬೇಕು.

ಗುರುವಾರ ಬೆಳಿಗ್ಗೆ ಮಗನ ಬಟ್ಟೆ ಒಗೆಯಲೆಂದು, ಒಗೆಯುವುದಕ್ಕೇನು ದೋಷ ಎಂದುಕೊಂಡು, ಆಕೆ ಮೊದಲ ಸಲ ನಮ್ಮ ಬಾವಿಗೆ ಬಗ್ಗಿದಳು. ಮಗನ ಚಿಂತೆಯಲ್ಲಿ ಕೊರಳಿನ ಶಿವದಾರ ಸವೆದದ್ದನ್ನು ನೋಡಿಕೊಂಡಿರಲಿಲ್ಲ. ದಾರ ಹರಿಯಿತು. ಕರಡಿಗೆ ಲಿಂಗದ ಸಮೇತ ಬಾವಿಯೊಳಗೆ ಬಿತ್ತು. ಆಕೆ ಚೀರಲೂ ಇಲ್ಲ. ಹಗ್ಗ ಕೈಬಿಟ್ಟು ಬಾವಿಯ ಕಟ್ಟೆಗೆ ಆತು ಕುಳಿತುಬಿಟ್ಟಳು. ಅಪ್ಪ ಓಡಿಬಂದು ಏನಾಯಿತೆಂದು ಕೇಳಿದ, ಬರೀ ಕೊರಳು ಮುಟ್ಟಿ ತೋರಿಸಿದಳು. ಅಪ್ಪನ ಮುಖದ ಬಣ್ಣವೇ ಹೋಯಿತು.

“ಲಿಂಗ ಹೋದ್ರ ಅಂಥಾವರು ಹನಿ ನೀರೂ ಮುಟ್ಟೂದಿಲ್ಲ” ಎಂದು ಅವ್ವನಿಗೆ ಹೇಳಿದ. “ಸಿಗಲಿಲ್ಲಂದ್ರ ಆಕಿ ಇಲ್ಲೇ ಕೂತ ಸಾಯ್ತಾಳ. ನಾ ಅಂಥಾ ಮನ್ಯಾಗ ಹುಟ್ಟೇನಿ, ನನಗ ಗೊತ್ತೈತಿ.”

ಅಂಗಿ ಕಳಚಿ ಬಾವಿಗಿಳಿದ. ನನ್ನ ಅಪ್ಪ ಈಜುತ್ತಾನೆಂಬುದೇ ನನಗೆ ಆವರೆಗೆ ಗೊತ್ತಿರಲಿಲ್ಲ! ಮುಳುಗುವುದು, ಮುಷ್ಟಿ ತುಂಬ ರಾಡಿ ತರುವುದು, ಬುಟ್ಟಿಗೆ ಹಾಕುವುದು, ಮತ್ತೆ ಮುಳುಗುವುದು. ಮೇಲೆ ನಾವೆಲ್ಲ ರಾಡಿಯನ್ನು ಬೆರಳಾಡಿಸಿ ಹುಡುಕುವುದು. ಸುದ್ದಿ ಕೇಳಿ ಬಂದ ದಾನಿಯೇಲ ಕಾಕಾ ಕೂಡ ಧೋತರ ಮೇಲೆ ಕಟ್ಟಿ ಇಳಿದ, ಅದನ್ನು ಹೇಳಲೇಬೇಕು. ಸೆಲೆಯ ಬಾವಿ ಅದು, ಎಷ್ಟು ಎತ್ತಿದರೂ ನೀರು ಕಡಿಮೆಯಾಗಲಿಲ್ಲ. ಸಂಜೆಯವರೆಗೆ ಸಿಕ್ಕಿದ್ದು ಅವ್ವನ ಹಳೆಯ ಚರಿಗೆ, ತಮ್ಮನ ಬುಗುರಿ, ಒಂದು ಚಪ್ಪಲಿ. ಅಪ್ಪ ಮೇಲೆ ಬಂದಾಗ ತುಟಿ ನೀಲಿಯಾಗಿ ಗದಗದ ನಡುಗುತ್ತಿದ್ದ.

ಕಾಕಾನಿಗೆ ಮುದುಕಿಯನ್ನು ನೋಡಿ ನಿಜವಾಗಿಯೂ ಮರುಕವಾಗಿತ್ತು. ಸೀದಾ ಪೇಟೆಗೆ ಹೋಗಿ, ಅಂಗಡಿಯಿಂದ ಒಂದು ಹೊಸ ಲಿಂಗವನ್ನು ಬೆಳ್ಳಿಯ ಕರಡಿಗೆ ಸಮೇತ ಕೊಂಡು ತಂದ. ದೊಡ್ಡ ಉಪಕಾರ ಮಾಡಿದ ಖುಷಿಯಲ್ಲಿ ಆಕೆಯ ಮುಂದೆ ಹಿಡಿದ.

“ತಗೋ ಆಯಿ. ಹಳೇದಕ್ಕಿಂತ ಚೊಲೋದೈತಿ. ಇನ್ನ ಏಳು, ಎರಡ ತುತ್ತು ಉಣ್ಣು.”

ನೀಲವ್ವಾಯಿ ಕಿವಿ ಮುಚ್ಚಿಕೊಂಡು ಮುಖ ಬಾವಿಯ ಕಡೆ ತಿರುಗಿಸಿದಳು. ಕಾಕಾ ಕಕ್ಕಾಬಿಕ್ಕಿಯಾಗಿ ಅಪ್ಪನನ್ನು ನೋಡಿದ. ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದ:

“ಗುರು ಕೊಟ್ಟರ ಅದು ಲಿಂಗ, ಕಾಕಾ. ಅಂಗಡ್ಯಾಗಿಂದು ಬರೇ ಕಲ್ಲು. ನೀವು ಚೊಲೋ ಮನಸಿಂದ ತಂದೀರಿ, ಆಕಿಗೆ ಅದು ತಿಳೀತದ. ಆದ್ರ ಆಕಿ ಕೊರಳಿಗೆ ಬರೂದಿಲ್ಲ.”

ಆಕೆಯ ಗುರು ಎಂದರೆ ಸಾಂಗಲಿಯ ಮಠದ ಸ್ವಾಮಿಗಳು, ಅಯ್ನಾರು. ಅಪ್ಪ ಹುಸೇನ್ ಚಾಚಾನ ಟಾಂಗಾ ಕಳಿಸಿ ಕರೆತರಲು ಹೇಳಿದ. ಕ್ರಿಸ್ತಾಂವರ ಅಂಗಳ ಎಂದ ಕೂಡಲೆ ಮಠದ ಬಾಗಿಲಲ್ಲಿದ್ದವರೇ ಬೈದು ಕಳಿಸಿದರಂತೆ, ಟಾಂಗಾ ಬರಿದೇ ತಿರುಗಿ ಬಂತು. ಮುದುಕಿಯನ್ನೇ ಅಲ್ಲಿಗೆ ಒಯ್ಯೋಣವೆಂದರೆ ಆಕೆ ಕಟ್ಟೆ ಬಿಟ್ಟು ಏಳಲೊಲ್ಲಳು. “ನನ್ನ ಲಿಂಗಪ್ಪ ಇಲ್ಲಿದ್ದಾನ. ಅವನ್ನ ಬಿಟ್ಟ ನಾ ಎಲ್ಲಿ ಹೋಗಲಿ?” ಎಂದಷ್ಟೇ ಅಂದಳು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಆಕೆಯ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಕಣ್ಣು ಒಳಗೆ ಹೋಗಿದ್ದವು. ಅಪ್ಪ ರುಮಾಲು ಸುತ್ತಿಕೊಂಡು ಹೊರಟು ನಿಂತ. ಅಡಿಗೆಮನೆಯ ಬಾಗಿಲಲ್ಲಿ ಅವ್ವ ಅಡ್ಡ ನಿಂತಳು.

“ಎಲ್ಲಿ ಹೊಂಟ್ರಿ?”

“ಮಠಕ್ಕ. ನಾನ ಹೋಗಿ ಕೇಳತೇನಿ.”

“ನಾಡದು ಆದಿತ್ಯವಾರ. ಯಾ ಮಠಕ್ಕ ಹೋಗತಾನ ಅಂತ ಅವರು ವರ್ಷಾನುಗಟ್ಟಲೆ ಹಾದಿ ಕಾಯಾಕತ್ತಾರೋ ಅದs ಮಠಕ್ಕ ಹೋಗತೀರೇನು? ಕಳದ ಹೋಗೂದು ಗೊತ್ತೈತೇನ್ರಿ ನಿಮಗ, ಎಲ್ಲಾ ಕಳದ ಹೋಗೂದು?”

“ಗೊತ್ತೈತಿ.”

“ಜಾ, ಜಾ! ಹೋಗ್ರಿ!” ಸಿಟ್ಟು ಬಂದರೆ ಅವ್ವನ ಬಾಯಲ್ಲಿ ಮರಾಠಿ ಬರುತ್ತಿತ್ತು, ಆವತ್ತು ಅದೂ ನೆಟ್ಟಗೆ ಬರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಅಪ್ಪನ ಕಡೆ ನೂಕಿದಳು. “ಈಕಿನ್ನ ಕರಕೊಂಡ ಹೋಗ್ರಿ. ಹೆಣ್ಣ ಕೂಸು ಜೋಡಿ ಇದ್ರ ನಿಮ್ಮವರು ಕೈ ಮಾಡೂದಿಲ್ಲ.”

ಹೀಗೆ ನಾನು ಸಾಂಗಲಿಗೆ ಹೋದೆ. ಒಬ್ಬ ರಾಜರ ಹದ್ದು ಮುಗಿದು ಇನ್ನೊಬ್ಬ ರಾಜರ ಹದ್ದು ಶುರುವಾಗುವಲ್ಲಿ ಸುಂಕದ ನಾಕೆಯವನು ಟಾಂಗಾ ನಿಲ್ಲಿಸಿ ಒಳಗೆ ಇಣುಕಿದ. ಉಳಿದ ದಾರಿಯುದ್ದಕ್ಕೂ ಬರೀ ಧೂಳು, ಬಿಸಿಲು. ಮಠದ ಮುಂದೆ ಇಳಿದು ಅಪ್ಪ ಚಪ್ಪಲಿ ಬಿಟ್ಟ, ಆದರೆ ಹೊಸ್ತಿಲು ದಾಟಲಿಲ್ಲ. ಬೀದಿಯ ಕಾದ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತ. ಬಾಗಿಲಲ್ಲಿದ್ದವರು ಹೋಗು ಎಂದರು, ಹೋಗಲಿಲ್ಲ. ಬೈದರು, ತಲೆ ಬಗ್ಗಿಸಿದ. ಜನ ನೆರೆಯಿತು, “ಅಂವಾ ಸಂಗಪ್ಪಲೇ” ಎಂದು ಯಾರೋ ಅಂದರು. ನನ್ನ ಕಾಲು ಸುಡುತ್ತಿದ್ದವು, ಒಂದರ ಮೇಲೊಂದು ಇಟ್ಟುಕೊಂಡು ಅಪ್ಪನ ಬೆರಳು ಹಿಡಿದು ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಅಯ್ನಾರು ತಾವೇ ಹೊರಗೆ ಬಂದರು. ಎತ್ತರದ ಮುದುಕರು, ಹಣೆ ತುಂಬ ವಿಭೂತಿ. ಅಪ್ಪ ಸಣ್ಣವನಿದ್ದಾಗ ಅವನ ಕೊರಳಿಗೆ ಲಿಂಗ ಕಟ್ಟಿದವರು ಅವರೇ ಎಂದು ಆಮೇಲೆ ತಿಳಿಯಿತು.

“ಯಾರು?” ಎಂದರು.

“ನಾನ್ರಿ, ಸಂಗಪ್ಪ.”

“ಸಂಗಪ್ಪ ಸತ್ತಾನ. ಅವನ ಹೆಸರಲೇ ನೀರ ಹಾಕಿಸಿದಾಂವ ನಾನ.”

“ಖರೇರಿ ಅಜ್ಜಾರ. ಸತ್ತಾವಗ ಏನೂ ಬ್ಯಾಡ್ರಿ. ಬದುಕಿದಾಕಿ ಒಬ್ಬಾಕಿ ಅದಾಳ, ಆಕಿ ಸಲುವಾಗಿ ಬಂದೇನಿ.”

ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಬಾವಿ ಯಾರದೆಂದು ಅವರು ಕೇಳಿದರು. ನಮ್ಮದು, ಕ್ರಿಸ್ತಾಂವರದು ಎಂದು ಅಪ್ಪ ಮುಚ್ಚುಮರೆಯಿಲ್ಲದೆ ಹೇಳಿದ. ಜನ ಗುಜುಗುಜು ಅಂದರು. ಅಯ್ನಾರು ನನ್ನ ಕಡೆ ನೋಡಿದರು.

“ಈಕಿ ಯಾರು?”

“ನನ್ನ ಮಗಳ್ರಿ.”

“ಯಾರರ ಈ ಕೂಸಿಗೆ ಬೆಲ್ಲಾ ನೀರು ಕೊಡ್ರೋ. ಅಪ್ಪ ಸತ್ರ ಮಗಳು ಉಪಾಸ ಇರಬೇಕಂತ ಎಲ್ಲೈತಿ?” ಎಂದು ಗದರಿಸಿ, ಒಳಗೆ ಹೋದರು. ನಾನು ಬೆಲ್ಲ ಮುಗಿಸುವಷ್ಟರಲ್ಲಿ ಕೈಯಲ್ಲೊಂದು ಗಂಟು ಹಿಡಿದು ಹೊರಬಂದು ಟಾಂಗಾ ಹತ್ತಿದರು. ಅವರ ಸರಿಸಮ ಕೂರಲು ಅಪ್ಪ ಒಪ್ಪಲಿಲ್ಲ. ಟಾಂಗಾದ ಪಟ್ಟಿ ಹಿಡಿದು ಬದಿಯಲ್ಲೇ ಮಿರಜದವರೆಗೂ ನಡೆದ. ನಾಕೆ ದಾಟಿದ ಮೇಲೆ ಅಯ್ನಾರು ಚಾಚಾನಿಗೆ “ಕುದರಿ ಸಾವಕಾಶ ಹೊಡಿ” ಎಂದದ್ದು ನನಗೆ ಕೇಳಿಸಿತು.

ಬೇವಿನ ಮರದ ಕೆಳಗೆ, ಬಾವಿಯ ಕಟ್ಟೆಯ ಹತ್ತಿರವೇ, ಅವ್ವ ಆಗಲೇ ನೆಲ ಸಾರಿಸಿ ಇಟ್ಟಿದ್ದಳು. ಯಾರೂ ಹೇಳಿರಲಿಲ್ಲ. ಮುಖ ಮಾತ್ರ ಗಡಿಗೆಯಷ್ಟು ದಪ್ಪ. ಅಯ್ನಾರು ನೀಲವ್ವಾಯಿಯನ್ನು ಎಬ್ಬಿಸಿ ಕೂರಿಸಿ, ಕಿವಿಯಲ್ಲಿ ಮಂತ್ರ ಹೇಳಿ, ಹೊಸ ಲಿಂಗವನ್ನು ಆಕೆಯ ಅಂಗೈಯಲ್ಲಿಟ್ಟರು. ಬೇರೆ ಒಲೆಗಳವರೆಲ್ಲ ಊದುಗೊಳವೆ ಕೆಳಗಿಟ್ಟು ಎದ್ದು ನಿಂತಿದ್ದರು. ಪೂಜೆಯಾಗಿ, ಲಿಂಗದ ಮೇಲೆ ಸುರಿದ ತೀರ್ಥ ಆಕೆಯ ತುಟಿಗೆ ಬಿತ್ತು. ಅಂಗಳಕ್ಕೆ ಅಂಗಳವೇ ನಿಟ್ಟುಸಿರು ಬಿಟ್ಟಿತು. ಅಯ್ನಾರು ತಾವು ತಂದ ತಂಬಿಗೆಯ ಮುಚ್ಚಳ ತೆಗೆದು ನೀರು ಕೊಡಹೋದರು. ಮುದುಕಿ ಬೇಡವೆಂದು ತಲೆಯಾಡಿಸಿ ಬಾವಿಯ ಕಡೆ ಕೈ ಮಾಡಿದಳು.

“ಇದರಾಗಿಂದ ಕೊಡ್ರಿ. ನನ್ನ ಲಿಂಗಪ್ಪ ಇದರಾಗ ಅದಾನ. ಇದೆಲ್ಲಾ ತೀರ್ಥ ಆಗೇತಿ.”

ಯಾರೂ ಅಲ್ಲಾಡಲಿಲ್ಲ. ಅಯ್ನಾರು ತಂಬಿಗೆಯ ಮುಚ್ಚಳ ಹಾಕಿದರು. ಅವ್ವ ಹಗ್ಗ ಹಿಡಿದು ಕೊಡ ಇಳಿಸಿ ಸೇದಿದಳು. ಜಾತಿ ಗೊತ್ತಿಲ್ಲದ ನನ್ನ ಅವ್ವ ಸುರಿದಳು, ನೀಲವ್ವಾಯಿ ಬೊಗಸೆಯೊಡ್ಡಿ ಗಟಗಟ ಕುಡಿದಳು. ನೀರು ಆಕೆಯ ಮೊಣಕೈಗುಂಟ ಇಳಿದು ಸೀರೆ ತೋಯ್ದಿತು. ನಮ್ಮ ಪಡಸಾಲೆಯಲ್ಲಿ ಅಡಗಿ ಕೂತಿರುತ್ತಾನೆಂದು ನಾನು ತಿಳಿದಿದ್ದ ದೇವರು ಆವತ್ತು ಅಂಗಳಕ್ಕೆ ಬಂದು ಎಲ್ಲರ ನಡುವೆ ನಿಂತಿದ್ದನೆಂದು ನಾನು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ನಗುವವರು ನಗಲಿ.

ಹೊರಡುವಾಗ ಅಯ್ನಾರು ಅಪ್ಪನ ಎದುರು ನಿಂತರು.

“ನನ್ನ ಕರಕೊಂಡ ಬಂದದ್ದಕ್ಕ ನಿಮ್ಮ ದೇವರು ಬೈಯೂದಿಲ್ಲೇನು?”

“ದೇವರು ಬೈಯೂದಿಲ್ರಿ. ಹಿರಿಯರು ಬೈತಾರ್ರಿ.”

ಅಯ್ನಾರು ಹೊಟ್ಟೆ ಹಿಡಿದು ನಕ್ಕರು. “ನಮ್ಮಲ್ಲೂ ಹಂಗs ಐತಿ, ಸಂಗಪ್ಪ” ಎಂದು ಟಾಂಗಾ ಹತ್ತಿದರು.

ಅಂಗಳದ ಬಾಗಿಲಲ್ಲಿ ದಾನಿಯೇಲ ಕಾಕಾ ಎಲ್ಲವನ್ನೂ ನೋಡುತ್ತ ನಿಂತಿದ್ದ. ತಿರುಗಿ ಹೊರಟುಹೋದ. ಅವ್ವ ಕೊಡವನ್ನು ಕುಕ್ಕಿ ಇಟ್ಟು ಒಳಗೆ ಹೋದಳು. ಶನಿವಾರವೆಲ್ಲ ಅಪ್ಪನ ಜೊತೆ ಮಾತು ಬಿಟ್ಟಳು. ರೊಟ್ಟಿ ಬಡಿಯುವ ಸಪ್ಪಳದಿಂದಲೇ ಅವಳ ಸಿಟ್ಟು ಎಷ್ಟೆಂದು ತಿಳಿಯುತ್ತಿತ್ತು.

ಆದಿತ್ಯವಾರ ಪಡಸಾಲೆ ತುಂಬಿತು. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ನಡುವೆ ಒಂದು ಓಣಿ. ಅದನ್ನು ದಾಟಿ ಯಾರೂ ಅತ್ತಿತ್ತ ಕೂರುವ ಪದ್ಧತಿ ಇರಲಿಲ್ಲ. ಮುದುಕ ಪಾಳಕರು ಮೇಜಿನ ಹಿಂದೆ ನಿಂತಿದ್ದರು, ಮೇಜಿನ ಮೇಲೆ ಬಿಳಿಯ ಬಟ್ಟೆ ಮುಚ್ಚಿದ ರೊಟ್ಟಿ. ಅಪ್ಪ ಎಲ್ಲರೆದುರು ನಿಂತಿದ್ದ. ದಾನಿಯೇಲ ಕಾಕಾ ಎದ್ದ.

“ಸಮುವೇಲಪ್ಪ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲಪಾ. ಆದ್ರ ಮಠಕ್ಕ ಹೋಗಿ ನಿಂತದ್ದು, ಸಭಾದ ಅಂಗಳದಾಗ ಲಿಂಗ ಕೊಡಿಸಿದ್ದು, ಇದಕ್ಕ ನಾವ ಮಂದಿಗೆ ಏನ ಹೇಳೂಣು? ತಪ್ಪಾತು ಅಂತ ಒಂದ ಮಾತ ಅನ್ನು. ಈಗಿಂದೀಗ ಕೈ ಇಡತೇವಿ.”

ಒಂದೇ ಮಾತು. ನಾನು ಅವ್ವನ ಮುಖ ನೋಡಿದೆ. ಕಣ್ಣು ಮುಚ್ಚಿದ್ದಳು, ತುಟಿ ಅಲ್ಲಾಡುತ್ತಿದ್ದವು. ಅನ್ನಲಿ ದೇವರೇ, ಅನ್ನಲಿ ಎಂದು ಬೇಡುತ್ತಿದ್ದಳೆಂದು ಯಾರಾದರೂ ಹೇಳಬಹುದಿತ್ತು. ಅಪ್ಪ ನೆಲ ನೋಡಿದ. ಅವನ ಮುಖದಲ್ಲಿ ಸೆಡವು ಇರಲಿಲ್ಲ, ದುಃಖವಿತ್ತು. ಅವನಿಗೂ ಆ ರೊಟ್ಟಿ ತನ್ನ ಕೈಯಾರೆ ಮುರಿದು ಕೊಡುವ ಆಸೆ ಎಷ್ಟಿತ್ತೋ.

“ಆಕಿ ಹಸದಿದ್ದಳ್ರಿ” ಎಂದ. “ಆಕಿ ತಿನ್ನೂ ರೊಟ್ಟಿ ನನ್ನ ಹಂತ್ಯಾಕ ಇರಲಿಲ್ಲ. ಯಾರ ಹಂತ್ಯಾಕ ಇತ್ತೋ ಅವರನ್ನ ಕರಕೊಂಡ ಬಂದೆ. ಕರ್ತನ ಹೆಸರಿಲೇ ಹೋದೆ, ಬಂದೆ. ತಪ್ಪಾತು ಅಂತ ಅಂದ್ರ ಸುಳ್ಳ ಹೇಳಿಧಂಗ ಆಗತದ್ರಿ.”

ಮುದುಕ ಪಾಳಕರು ಹಿರಿಯರ ಕಡೆ ನೋಡಿದರು. ಒಬ್ಬೊಬ್ಬರೇ ತಲೆ ತಗ್ಗಿಸಿದರು. ಕಾಕಾ ಕಣ್ಣೊರೆಸಿಕೊಳ್ಳುತ್ತ ತನ್ನ ಜಾಗಕ್ಕೆ ಹೋಗಿ ಕುಳಿತ. ನೇಮಕ ಆಗಲಿಲ್ಲ. ಆಮೇಲೂ ಎಂದೂ ಆಗಲಿಲ್ಲ, ಅಪ್ಪ ಉಪದೇಶಕನಾಗಿಯೇ ಬದುಕಿ ಉಪದೇಶಕನಾಗಿಯೇ ತೀರಿಕೊಂಡ. ಪಾಳಕರು ಪುಸ್ತಕ ಮುಚ್ಚಿ ರೊಟ್ಟಿಯ ಮೇಲಿನ ಬಟ್ಟೆ ತೆಗೆದರು. ಅಪ್ಪ ಗಂಡಸರ ಚಾಪೆಯ ಕಡೆ ನಡೆದ. ಚಾಪೆ ತುಂಬಿತ್ತು. ಯಾರೂ ಸರಿಯಲಿಲ್ಲ, ಯಾರೂ ಮೇಲೆ ನೋಡಲಿಲ್ಲ. ಅಪ್ಪ ತನ್ನ ಮನೆಯ ಪಡಸಾಲೆಯಲ್ಲೇ ಕೂರಲು ಜಾಗವಿಲ್ಲದೆ ನಿಂತ.

ಆಗ ನನ್ನ ಪಕ್ಕದಲ್ಲಿ ಅವ್ವ ಎದ್ದಳು. ನಡುವಿನ ಓಣಿ ದಾಟಿ ಸೀದಾ ಹೋಗಿ ಗಂಡಸರ ಎದುರು ನಿಂತಳು.

“ಸರೀರಿ ಅತ್ತ” ಎಂದಳು. “ನಮ್ಮ ಪಾಳಕರು ನಿಂತಾರ.”

ಮೊದಲು ಸರಿದವನು ದಾನಿಯೇಲ ಕಾಕಾ.